ಮೂಡಲಕ್ಕೆ ಮುಖಮಾಡಿದ ಆಂಟೆನಾ

ಉಮರ್ಗಾ ಬಸ್‌ಸ್ಟ್ಯಾಂಡಿನಲ್ಲಿ ಕಾಸಾರಶಿರಸಿ ಬಸ್ಸಿಗೆ ಕಾದಿದ್ದ ದಿಗಂಬರ ಮಾಸ್ತರರು ಪೇಪರ್ ಓದುತ್ತಿದ್ದಂತೆ ಕಂಡರೂ ಕಿವಿಯನ್ನು ಪಕ್ಕದ ಬೆಂಚಿಗೆ ಕೊಟ್ಟಿದ್ದರು. ಅಲ್ಲಿ ಗಂಡಹೆಂಡತಿ ಕೂತಿದ್ದರು. ಗಂಡನ ತೊಡೆಯ ಮೇಲೆ ತಾಮ್ರದ ತಂತಿಯ ಸುರುಳಿ ಇತ್ತು.

“ಕೊಡೆ ಕಡ್ಡಿಗಿ ಈ ತಂತಿ ಸುತ್ತಿದ್ರ ಗಾಳ್ಯಾಗಿಂದ ಪುಕ್ಕಟ ಟಿವಿ ಬರ್ತದ ನೋಡು, ಸುವರ್ಣಾ.”

“ತಂತಿದು ತಪ್ಪಲ್ರೀ. ಕಲಬುರ್ಗಿ ಟಿವಿ ಟವರ್ ದಕ್ಷಿಣಕ್ಕದ. ನೀವು ಕಟ್ಟಿದ ಆಂಟೆನಾ ಮೂಡಲಕ್ಕ ಮಾರಿ ಮಾಡ್ಯದ.”

“ಮೂಡಲಕ್ಕ ಬೀರಪ್ಪನ ಗುಡಿ ಅದ. ಆಂಟೆನಾ ಕಟ್ಟಿದ್ದು ಅವನ ಭಂಡಾರದ ಅರಿಶಿಣ ಹಚ್ಚಿ ನಿಲ್ಲಿಸಿದ ಬಿದಿರಿಗಿ. ದೇವರಿಗಿ ಬೆನ್ನು ಮಾಡ್ಲೇನು?”

“ಸಂಜಿ ಆರಕ್ಕ ನಿಮ್ಮ ಸೋದರಮಾವ ಟಿವ್ಯಾಗ ಡೊಳ್ಳಿನ ಪದ ಹಾಡ್ತಾರ. ಅತ್ತಿ ತಮ್ಮನ ಮಾರಿ ನೋಡಿ ನಾಕ್ ವರ್ಷ ಆತು.”

“ಮೊಬೈಲ್‌ದಾಗ ತೋರ್ಸು.”

“ಆಕಿ ಕಣ್ಣಿಗಿ ಮೊಬೈಲ್‌ದಾಗ ತಮ್ಮನೂ ಒಂದೇ, ಟಗರೂ ಒಂದೇ.”

“ಬಿದಿರು ತಿರುಗಿಸ್ಲಿಕ್ಕ ಅವ್ವ ಒಪ್ಪಂಗಿಲ್ಲ.”

“ಮುಂಜಾನೇನೇ ಕೇಳೀನಿ.”

“ಏನಂದ್ಳು?”

“ತಮ್ಮ ಹಾಡೋದು ಬೀರಪ್ಪನ ಪದಾನೇ. ನಾ ಮಾರಿ ನೋಡ್ತೀನಿ, ದೇವರು ಕುಂತಲ್ಲೇ ಕೇಳ್ಲಿ, ಅಂದ್ರು.”

ಗಂಡ ತಂತಿಯ ಸುರುಳಿ ಎತ್ತಿ ಹಿಡಿದ.

“ಮತ್ತ ಇದನ್ಯಾಕ ಕೊಳ್ಳಗೊಟ್ಟಿ?”

“ನೀವು ಒಪ್ಪೋತನಕ ಕೈಗಿ ಏನರೆ ಕೆಲಸ ಬೇಕಲ್ರೀ.”

ಅವರ ಊರು ದಾಳಿಂಬಕ್ಕೆ ಹೋಗುವ ಆಟೋ ಬಂತು. ಹೆಂಡತಿ ಹತ್ತುವ ಮೊದಲೇ ಗಂಡ ಹತ್ತಿ ಕೂತ.

“ಲೌಕರ ಚಲ್ ಬಾಬಾ,” ಎಂದು ಮರಾಠಿಯಲ್ಲಿ ಡ್ರೈವರನಿಗೆ ಅವಸರ ಮಾಡಿದ. “ಆರರೊಳಗ ಬಿದಿರು ತಿರುಗಿಸೋದದ.”