ಕೆಲಸ ಕೇಳಿದವಳಿಗೆ ಕೊಟ್ಟ ವೈರಾಗ್ಯ

ಒಬ್ಬ ಶ್ರೀಮಂತನಿದ್ದ. ಯಾವ ಊರು ಎಂದು ಕೇಳಬೇಡಿ, ಹೇಳಿದರೆ ನಿಮ್ಮಲ್ಲೇ ಕೆಲವರು ಎದ್ದು ಹೋಗುತ್ತೀರಿ. ದೊಡ್ಡ ಬಟ್ಟೆ ಅಂಗಡಿಯ ಮಾಲೀಕ. ಪ್ರವಚನ ಎಂದರೆ ಪ್ರಾಣ. ಮುಂದಿನ ಸಾಲಿನಲ್ಲೇ ಕೂರುತ್ತಿದ್ದ, ಪ್ರತಿ ಮಾತಿಗೂ ತಲೆದೂಗುತ್ತಿದ್ದ. ಲಾಭ ಬಂದರೆ ಹಿಗ್ಗಬಾರದು, ನಷ್ಟವಾದರೆ ಕುಗ್ಗಬಾರದು, ಫಲದ ಆಸೆ ಬಿಡಬೇಕು ಎಂದು ನಾವೆಲ್ಲ ಹೇಳುತ್ತೇವಲ್ಲ, ಅದೆಲ್ಲ ಅವನಿಗೆ ಬಾಯಿಪಾಠ.

ಒಮ್ಮೆ ಅವನು ಸೀರೆ ವಿಭಾಗಕ್ಕೆ ಜನ ಬೇಕಾಗಿದ್ದಾರೆ ಎಂದು ಬೋರ್ಡು ಹಾಕಿಸಿದ. ನೋಡಿ, ಆ ಕೆಲಸವನ್ನು ಬಾವಮೈದನ ಮಗಳಿಗೆ ಕೊಡುತ್ತೇನೆಂದು ಮೊದಲೇ ಒಪ್ಪಿಕೊಂಡಿದ್ದ. ಮತ್ತೆ ಬೋರ್ಡು ಯಾಕೆ? ಕೆಲಸ ಕೇಳಿಕೊಂಡು ಜನ ಬಾಗಿಲಲ್ಲಿ ನಿಂತರೆ ಅಂಗಡಿಗೊಂದು ಗತ್ತು!

ಒಬ್ಬ ಹೆಂಗಸು ಬಂದಳು. ಅವಳು ದುಡಿಯುತ್ತಿದ್ದ ಅಂಗಡಿ ಮುಚ್ಚಿಹೋಗಿತ್ತು. ಗಂಡ ಹಾಸಿಗೆ ಹಿಡಿದಿದ್ದ, ಮನೆಯ ಒಲೆ ಹತ್ತುತ್ತಿದ್ದದ್ದು ಅವಳೊಬ್ಬಳ ಕೈಯಿಂದ. ಬೆಳಿಗ್ಗೆ ಬಂದವಳನ್ನು ಚಪ್ಪಲಿ ಬಿಡುವ ಜಾಗದಲ್ಲಿ ನಿಲ್ಲಿಸಿದರು. ಕೂರಲು ಸ್ಟೂಲಿಲ್ಲ, ಕುಡಿಯಲು ನೀರಿಲ್ಲ. ಕೆಲಸ ಕೇಳಲು ಬಂದಿದ್ದ ಉಳಿದವರು ಬೇಸತ್ತು ಹೊರಟುಹೋದರು. ಅವಳು ಸಂಜೆಯವರೆಗೂ ನಿಂತಳು. ಆಮೇಲೆ ಒಳಗೆ ಕರೆದರು.

“ಸಂಬಳ ಏನು ಕೊಡ್ತೀರಿ ಸಾವ್ಕಾರ್ರೇ?” ಎಂದು ಕೇಳಿದಳು.

“ಬಂದ ಕೂಡ್ಲೇ ಸಂಬಳನಾ? ಫಲದ ಆಸೆ ಇಟ್ಕೊಂಡು ಕೆಲಸ ಕೇಳಬಾರ್ದಮ್ಮ. ಅಂದ್ಹಾಗೆ, ಆ ಜಾಗಕ್ಕೆ ನಮ್ಮ ಬಾವಮೈದನ ಮಗಳು ಬರ್ತಾಳೆ. ನೀನೇನೂ ಬೇಜಾರು ಮಾಡ್ಕೋಬೇಡ. ಸಿಕ್ಕಿದ್ರೂ ಒಂದೇ, ಸಿಗದಿದ್ರೂ ಒಂದೇ ಅನ್ಕೋಬೇಕು.”

“ನಿಮಗೂ ಎಲ್ಲಾ ಒಂದೇನಾ?”

“ಹೌದಮ್ಮ, ನನಗೆಲ್ಲಾ ಒಂದೇ.”

“ಹಂಗಾದ್ರೆ ಅವಳ ಬದ್ಲು ನನಗೇ ಕೊಡಿ. ನಿಮಗೆ ಯಾರಾದ್ರೂ ಒಂದೇ ಅಲ್ವಾ? ನನಗೆ ಒಂದೇ ಅಲ್ಲ ಸಾವ್ಕಾರ್ರೇ. ನಾನು ಮನೇಗೆ ಹೋಗಿ ಒಲೆ ಹಚ್ಬೇಕು.”

ನಗುತ್ತಿದ್ದೀರಾ? ಚಪ್ಪಾಳೆ ಬೇರೆ! ನಿಲ್ಲಿಸಿ. ಅವಳಿಗೆ ಕೆಲಸ ಸಿಗಲಿಲ್ಲ. ಕೇಳಿಸಿತಾ? ಸಿಗಲಿಲ್ಲ! ಅವನು ವಾಚ್‌ಮನ್‌ನನ್ನು ಕೂಗಿ ಅವಳನ್ನು ಹೊರಗೆ ಕಳಿಸಿದ. ಎಂಥ ಬಾಯಿ ನೋಡು ಇವಳದು ಎಂದ. ಮರುದಿನ ಪ್ರವಚನಕ್ಕೆ ಬಂದು ಮತ್ತೆ ತಲೆದೂಗಿದ. ಒಳ್ಳೇ ಮಾತಾಡಿದಳು ಎಂದು ನೀವು ಖುಷಿಪಡುತ್ತೀರಿ. ಮಾತಿನಿಂದ ಅನ್ನ ಬೇಯುತ್ತದೆಯೇ?

ನನಗೆ ಸಿಟ್ಟು ಬಂದಿದೆ, ಮುಚ್ಚಿಡುವುದಿಲ್ಲ. ಹಿಂದಿನವರು ವೈರಾಗ್ಯ ಹೇಳಿದ್ದು ಇದಕ್ಕೇನು? ಇದ್ದವನು ತನ್ನ ದುರಾಸೆಗೆ ಕಡಿವಾಣ ಹಾಕಿಕೊಳ್ಳಲಿ ಎಂದು ಹೇಳಿದರು. ನೀವು ಅದನ್ನು ತೆಗೆದುಕೊಂಡು ಹೋಗಿ ಹಸಿದವರ ಬಾಯಿಗೆ ಬೀಗ ಹಾಕುತ್ತೀರಿ. ನಿಮ್ಮ ಲಾಭಕ್ಕೆ ಲೆಕ್ಕಾಚಾರ, ಅವರ ಸಂಬಳಕ್ಕೆ ವೇದಾಂತ! ನಾಚಿಕೆಯಾಗುವುದಿಲ್ಲವೇ?

ಕೆಲಸ ಹುಡುಕುತ್ತಿರುವವರೇ, ನೀವೂ ಕೇಳಿ. ಸಮಚಿತ್ತ ಎಂದರೆ ಬಾಯಿ ಮುಚ್ಚಿಕೊಂಡು ನಿಲ್ಲುವುದಲ್ಲ. ಕೇಳುವುದು ನಿಮ್ಮ ಕೈಯಲ್ಲಿದೆ, ಕೊಡುವುದು ಅವರ ಕೈಯಲ್ಲಿದೆ. ನಿಮ್ಮ ಕೈಯಲ್ಲಿರುವುದನ್ನು ಪೂರ್ತಿ ಮಾಡಿ. ಸಂಬಳ ಎಷ್ಟು ಎಂದು ತಲೆಯೆತ್ತಿ ಕೇಳಿ. ಇಲ್ಲ ಎಂದರೆ ಅದು ನಿಮ್ಮ ಯೋಗ್ಯತೆಯ ತೀರ್ಪಲ್ಲ, ಪಕ್ಕದ ಬಾಗಿಲಿಗೆ ನಡೆಯಿರಿ.

ಕೆಲಸ ಕೊಡುವವರೇ, ಕೊಡುವ ಮನಸ್ಸಿಲ್ಲದಿದ್ದರೆ ಕರೆಯಬೇಡಿ. ಕರೆದರೆ ಕೂರಿಸಿ, ನೀರು ಕೊಡಿ, ಸಂಬಳ ಇಷ್ಟು ಎಂದು ಮೊದಲೇ ಹೇಳಿ. ನೋಡೋಣ, ತಿಳಿಸ್ತೀವಿ ಎಂದು ಎಷ್ಟು ಜನರನ್ನು ಕಳಿಸಿದ್ದೀರಿ? ಅವರು ಇನ್ನೂ ಫೋನು ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದಾರೆ. ಈಗಲೇ ಹೊರಗೆ ಹೋಗಿ ಅವರಿಗೆ ಫೋನು ಮಾಡಿ, ಇದೆಯೋ ಇಲ್ಲವೋ ಒಂದು ಹೇಳಿ. ಅಲ್ಲಿಯವರೆಗೆ ಪ್ರಸಾದದ ಎಲೆ ಹಾಕುವುದಿಲ್ಲ, ಅಡುಗೆಯವರಿಗೆ ಹೇಳಿದ್ದೇನೆ. ಯಾಕೆ, ಹಸಿವಾಗುತ್ತಿದೆಯೇ? ಉಂಡರೂ ಒಂದೇ, ಉಣ್ಣದಿದ್ದರೂ ಒಂದೇ ಎಂದು ನಾನು ನಿಮಗೆ ಹೇಳಲೇ?