ದೂರ ಅಳೆಯುವ ಯಂತ್ರ

ಟೆ ಅನಾವು ಪೇಟೆಯ ಬೇಟೆ ಸಾಮಾನಿನ ಅಂಗಡಿಯಲ್ಲಿ ತೋಟಾ ಕೊಳ್ಳಲು ನಿಂತಿದ್ದ ತಮಾಟಿಯ ಕಿವಿಗೆ, ಮುಂದಿದ್ದ ಗಂಡಹೆಂಡಿರ ಮಾತು ಬಿತ್ತು.

“ನನ್ನ ಕಣ್ಣಳತೆ ತಪ್ಪಲ್ಲ ಅಂತ ಜಂಬ ಕೊಚ್ತಿದ್ದೆ. ಈಗ್ಯಾಕೋ ದೂರ ಅಳೆಯೋ ಲೇಸರ್, ಡೂಗಲ್?”

“ಕಣಿವೆ ಆಚೆಗಿದ್ದ ಜಿಂಕೆ ಇಲ್ಲೇ ಇದ್ದಂಗೆ ಕಾಣಿಸ್ತು, ನೈರಿ.”

“ಗುಂಡು ತಪ್ಪಿ ಓಡಿಹೋಯ್ತು ಅಂದಿದ್ಯಲ್ಲೋ?”

“ತಪ್ಪಲಿಲ್ಲ. ದವಡೆಗೆ ಬಿತ್ತು.”

“ಅಯ್ಯೋ! ಅದು ಮೇಯೋದು ಹೆಂಗೋ? ಹುಡುಕ್ಕೊಂಡು ಹೋದ್ಯಾ?”

ಡೂಗಲ್ ಟೋಪಿಯನ್ನು ಕೈಯಲ್ಲಿ ಹಿಂಡಿದ. “ಕಣಿವೆ ಇಳಿದು ಹತ್ತಬೇಕಿತ್ತು…”

“ಮನೆಗೆ ಬಂದು ನಗ್ತಾ ನಗ್ತಾ ಉಂಡೆಯಲ್ಲೋ!”

ಅಂಗಡಿಯವನು ಯಂತ್ರವೊಂದನ್ನು ಮುಂದಿಟ್ಟ. “ಇದು ಸಾವಿರ ಮೀಟರ್ ಅಳೆಯುತ್ತೆ.”

“ಅಷ್ಟೆಲ್ಲ ಬೇಡಪ್ಪ. ಇವನ ಕಾಲು ಎಲ್ಲೀವರೆಗೆ ಹೋಗುತ್ತೋ ಅಲ್ಲೀವರೆಗೆ ಅಳೆಯೋದು ಇದ್ರೆ ಕೊಡು” ಎಂದು ನೈರಿ ಹೊರನಡೆದಳು.

ಡೂಗಲ್ ಯಂತ್ರವನ್ನು ಅಲ್ಲೇ ಬಿಟ್ಟು, ಯಾರ ಮುಖವನ್ನೂ ನೋಡದೆ ಅವಳ ಹಿಂದೆ ಹೋದ.