ಅಂಗಾಲಿಗೆ ತಾಗಿದ ಎಳೆ

...ಅಲ್ಲ ಪುಟ್ಟ ಡಾಕ್ಟರಮ್ಮ, ಸ್ಟೂಲ್ ಬಿಟ್ಟು ನೆಲದ ಮೇಲೇ ಕೂತುಬಿಟ್ಟೆಯಲ್ಲ. ಜೋಪಾನ, ಬೆಳಗ್ಗೆಯಿಂದ ಒಂದು ಸೂಜಿ ಸಿಗ್ತಿಲ್ಲ. ನಗಬೇಡ. ಊರಿಗೆಲ್ಲ ಬಟ್ಟೆ ಹೊಲಿಯೋಳು ಸೂಜಿ ಕಳ್ಕೊಂಡಳು ಅಂತ ಕಾಲೇಜಲ್ಲಿ ಹೇಳ್ಬೇಡ.

ಮೊದಲ ಸಲ ಬಂದಾಗ ಒಳಗೆ ಬರದೆ ಬಾಗಿಲಲ್ಲೇ ನಿಂತಿದ್ದೆ ನೀನು! ಈ ಸಕ್ಕರೆ ಕಾಯಿಲೆ ಹೆಂಗಸು ಓದು ಮುಗಿಯೋವರೆಗೂ ನಿನ್ನವಳು, ತಿಂಗಳು ತಿಂಗಳು ಹೋಗು, ಅವಳಿಂದ ಕಲಿ ಅಂದರಂತೆ ನಿಮ್ಮ ಮೇಷ್ಟ್ರು. ನನ್ನಿಂದ... ನಾನು ಅಕ್ಷರ ಕಲಿತದ್ದೇ ಅಳತೆಗೆ ಕತ್ತರಿಸೋ ಹಳೇ ಪೇಪರಿನಿಂದ. ಯಾರ ಹಂಗೂ ಇಲ್ಲ ನಂಗೆ. ಈ ಮೆಷಿನ್ನು, ಅದನ್ನ ತುಳಿಯೋ ಕಾಲು, ಅಷ್ಟೇ ಆಸ್ತಿ.

ಹ್ಞೂಂ, ಬಲಗಾಲು ಚಾಚಿದೆ. ಕಣ್ಣು ಮುಚ್ಚಿದೆ. ಕಾಲಿಗೆ ಸ್ಪರ್ಶ ಗೊತ್ತಾಗುತ್ತಾ ಅಂತ ನೋಡೋ ಆ ಪ್ಲಾಸ್ಟಿಕ್ ಎಳೆ ಒತ್ತು, ತಾಗಿದಾಗ ಹೇಳ್ತೀನಿ.

...ತಾಗಿತು.

ಏನು? ಆ ಒಂಟಿ ಚಪ್ಪಲಿಯಾ? ನಮ್ಮಕ್ಕಂದು. ಇದೇ ಕಾಯಿಲೆ. ಪಾದದಲ್ಲಿ ಹುಣ್ಣಾಯ್ತು ಅಂತ ಆಸ್ಪತ್ರೆಗೆ ಹೋದಳು... ಕಾಲು ಅಲ್ಲೇ ಬಿಟ್ಟು ಬಂದಳು. ಮನೆಗೆ ಬಂದ ಮೇಲೂ ಪಾದ ಕೆರೀತಿದೆ, ತುರಿಸೇ ಅನ್ನೋಳು. ನಾನು ಬರೀ ಹಾಸಿಗೆ ತುರಿಸ್ತಿದ್ದೆ. ಹಾ, ಅಲ್ಲೇ, ಅಂತ ಕಣ್ಮುಚ್ಚೋಳು. ಅವಳು ಹೋದ ಮೇಲೂ... ಹೊಲೀತಾ ಕೂತಾಗ ಆ ಚಪ್ಪಲಿ ಸದ್ದು ಕೇಳುತ್ತೆ. ಒಂದೇ ಚಪ್ಪಲಿ. ನನ್ನ ಕಾಲ ಹತ್ತಿರ ಬಂದು ನಿಲ್ಲುತ್ತೆ. ಹಾಗೆ ನೋಡ್ಬೇಡ, ನಂಗೇನೂ ಹುಚ್ಚು ಹಿಡಿದಿಲ್ಲ.

ತಾಗಿತು.

ನೀನೊಳ್ಳೆ ತಮಾಷೆ ಹುಡುಗಿ. ಎಳೆ ಒತ್ತುವಾಗಲೆಲ್ಲ ಉಸಿರು ಹಿಡೀತೀಯ, ಸೂಜಿಗೆ ದಾರ ಪೋಣಿಸೋರ ಹಾಗೆ. ಅದು ನಿಂಗೇ ಗೊತ್ತಿಲ್ಲ.

ಸರಿ, ಮೇಷ್ಟ್ರಿಗೆ ಹೇಳು, ಪಾದ ಗಟ್ಟಿಯಾಗಿದೆ ಅಂತ. ಆಸ್ಪತ್ರೆಗೆ ಬಾ ಅನ್ಬೇಡ ಮತ್ತೆ. ಎಡಗಾಲೂ ನೋಡ್ಬೇಕಾ? ಬಿಡೋಳಲ್ಲ ನೀನು. ತಗೋ.

...ಹಾ. ತಾಗಿತು. ಹಗುರವಾಗಿ, ಕೂದಲು ಸೋಕಿದ ಹಾಗೆ.

ಉಸಿರು ಹಿಡಿದೋಳು ಯಾಕೆ ನಿಲ್ಲಿಸಿದೆ? ತಾಗಿತು ಅಂದೆನಲ್ಲ... ಮುಂದೆ ಒತ್ತು.

ಪುಟ್ಟ? ಕಣ್ಣು ಬಿಡ್ತೀನಿ ನೋಡು.

...ನಿನ್ನ ಎಳೆ ನೆಲದ ಮೇಲೆ ಬಿದ್ದಿದೆಯಲ್ಲ. ಕೈಯಲ್ಲೇನದು... ನನ್ನ ಎಡಗಾಲ ಕೆಳಗೆ ರಕ್ತ? ಇದು... ಇದು ನನ್ನ ಸೂಜಿ.

ಎಲ್ಲಿ ಸಿಕ್ತು?

...ಯಾಕೆ ಅಳ್ತೀಯ. ಎಲ್ಲಿ ಸಿಕ್ತು ಅಂತ ಕೇಳಿದೆ, ಅಷ್ಟೇ.